ಚಿತ್ರದಲ್ಲಿ ಇರದ ಹೊಸ್ತಿಲು

ಕಳೆದ ಭಾನುವಾರ ನನ್ನ ಮಗಳು ಅತ್ತಳು. ಇಂಜಿನಿಯರ್ ಆದ ಮೇಲೆ ಇದೇ ಮೊದಲು. ಕಾರಣ ಕೇಳಿದರೆ ನೀವು ನಗುತ್ತೀರಿ. ನಾಲ್ಕು ಇಂಚು!

ಆಫ್ರೀನ್‌ಗೆ ಈಗ ಇಪ್ಪತ್ತಮೂರು. ತಿಕೋಟಾದಲ್ಲಿ ಏಳುತ್ತಿರುವ ಒಂದು ಗೋದಾಮಿನ ಸೈಟಿನಲ್ಲಿ ಎಂಟು ತಿಂಗಳಿಂದ ಕೆಲಸ. ಭಾರೀ ಕೆಲಸ ಅಂದುಕೊಳ್ಳಬೇಡಿ. ಹೊಸ ಕಾಂಕ್ರೀಟು ಗಟ್ಟಿಯಾಗಲೆಂದು ಕಾಲಮ್‌ಗಳಿಗೆ ಸುತ್ತಿದ ಗೋಣಿಚೀಲ ಹಸಿ ಇದೆಯೋ ಒಣಗಿದೆಯೋ ಎಂದು ಮುಟ್ಟಿ ನೋಡುವುದೇ ಮೊದಮೊದಲ ನೌಕರಿ. (ತೊಟ್ಟಿಲ ಕೂಸಿನ ಬಟ್ಟೆ ಮುಟ್ಟಿ ನೋಡಿದ ಹಾಗೆ ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.) ಸಂಜೆ ವಿಜಯಪುರದಲ್ಲಿ ಬಸ್ಸಿಳಿದು ಮನೆಗೆ ಬರುವಾಗ ಚಪ್ಪಲಿ ತುಂಬ ಸಿಮೆಂಟು.

ಕೈಕಾಲು ತೊಳೆದಳೋ, ಅವಳ ಹವ್ಯಾಸ ಶುರು. ಮನೆಗೆ ಬಂದ ಮದುವೆ ಕಾರ್ಡುಗಳನ್ನು ಕತ್ತರಿಸಿ ಪುಟ್ಟ ಪುಟ್ಟ ಮನೆ ಕಟ್ಟುತ್ತಾಳೆ. ಯಾರದೋ ನಿಕಾಹ್ ತಾರೀಖು ನಮ್ಮ ಷೋಕೇಸಿನಲ್ಲಿ ಒಂದು ಮನೆಯ ತಾರಸಿಯಾಗಿದೆ. ಬಂಧುಗಳು ನೋಡಿದರೆ ಏನು ಹೇಳಲಿ?

ಇನ್ನು ಭಾನುವಾರ. ರಜೆಯಲ್ಲೂ ಸುಮ್ಮನಿರುವ ಜೀವವಲ್ಲ. ಗೆಳತಿಯರಿಬ್ಬರ ಜೊತೆ ಸೇರಿ ಹಳ್ಳಿ ಶಾಲೆಗಳ ಸಣ್ಣಪುಟ್ಟ ರಿಪೇರಿ ಮಾಡಿಕೊಡುತ್ತಾಳೆ. ಈ ಸಲದ ಸರದಿ ಬಬಲೇಶ್ವರದ ಹತ್ತಿರ ತೋಟದ ನಡುವಿನ ಒಂದು ಸರ್ಕಾರಿ ಶಾಲೆಯದು. ಅಲ್ಲಿ ಮೂರನೇ ಕ್ಲಾಸಿನ ಲಕ್ಷ್ಮಿಗೆ ನಡೆಯಲು ಬರುವುದಿಲ್ಲ. ವೀಲ್‌ಚೇರ್ ಇದೆ, ಆದರೆ ಶಾಲೆಗೆ ಮೂರು ಮೆಟ್ಟಿಲು. ಅವಳ ತಾಯಿ ಗಂಗವ್ವ ಒಂದನೇ ಕ್ಲಾಸಿನಿಂದಲೂ ಮಗಳನ್ನು ಎತ್ತಿ ಒಳಗೆ ಕೂಡಿಸಿ, ಸಂಜೆ ಮತ್ತೆ ಎತ್ತಿ ತರುತ್ತಾಳೆ. "ಇನ್ಮ್ಯಾಲ ನೀ ಒಬ್ಬಾಕಿನ ಒಳಗ ಹೋಗ್ತಿ" ಎಂದು ಆಫ್ರೀನ್ ಆ ಹುಡುಗಿಗೆ ಮಾತು ಕೊಟ್ಟಿದ್ದಳು.

ಮೆಟ್ಟಿಲ ಬದಲು ರ‍್ಯಾಂಪು, ಗೆದ್ದಲು ಹತ್ತಿದ ಬಾಗಿಲ ಬದಲು ಅಗಲವಾದ ಹೊಸ ಬಾಗಿಲು. ಚಿತ್ರ ಬರೆದವಳು ಇವಳು, ಕಟ್ಟಿದವರು ಆ ಊರಿನ ಬಸಪ್ಪ ಗೌಂಡಿ. ಕೂಲಿ ಬೇಡ ಎಂದ ದೊಡ್ಡ ಮನುಷ್ಯ. ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಒಂದೂವರೆ ಅಡಿ ಎತ್ತರಕ್ಕೆ ಹದಿನೆಂಟು ಅಡಿ ಉದ್ದದ ಇಳಿಜಾರು ಬೇಕು ಎಂದಾಗ, "ಮೇಡಮ್ಮಾರ, ಇದು ಸಾಲಿಗಿ ದಾರೀನೋ, ಹೊಲಕ್ಕ ದಾರೀನೋ?" ಎಂದಿದ್ದರಂತೆ.

ಭಾನುವಾರ ಲಕ್ಷ್ಮಿ ಮೊದಲ ಸಲ ಹತ್ತುವ ದಿನ. ಬುತ್ತಿ ಕಟ್ಟಿಕೊಂಡು ನಾನೂ ಹೋದೆ.

ಹುಡುಗಿ ಎರಡೂ ಕೈಯಿಂದ ಗಾಲಿ ತಿರುಗಿಸುತ್ತ ಹತ್ತಿದಳು. ನಾಲಿಗೆ ತುದಿ ಹೊರಗೆ, ಹಣೆ ತುಂಬ ಬೆವರು. ಗಂಗವ್ವ ಹಿಂದೆ ಹಿಂದೆ. ರ‍್ಯಾಂಪು ಮುಗಿಯಿತು, ಬಾಗಿಲು ಬಂತು. ಟಕ್!

ಮುಂದಿನ ಚಿಕ್ಕ ಗಾಲಿಗಳು ಕಲ್ಲಿಗೆ ಬಡಿದು ನಿಂತವು. ನಾಲ್ಕು ಇಂಚು ಎತ್ತರದ ಹೊಸ್ತಿಲು. ಹೊಚ್ಚಹೊಸದು. ನಡುವೆ ಕೆತ್ತಿದ ಹೂವು, ಮೈತುಂಬ ಅರಿಷಿಣ, ಕುಂಕುಮ.

ಆಫ್ರೀನ್ ಮುಖ ಬಿಳಿಚಿಕೊಂಡಿತು. "ಕಾಕಾ, ಇದು ನನ್ನ ಡ್ರಾಯಿಂಗ್‌ನ್ಯಾಗ ಇರಲಿಲ್ಲಲ್ರಿ?"

"ಬಾಗಿಲಾ ಬರ್ದಿದ್ರಿ ಅಲ್ಲ?" ಬಸಪ್ಪನವರಿಗೆ ನಿಜಕ್ಕೂ ಆಶ್ಚರ್ಯ. "ಬಾಗಿಲಾ ಅಂದ್ಮ್ಯಾಲ ಹೊಸ್ತಿಲಾ ಬಂತು. ಅದನ್ನೂ ಬ್ಯಾರೆ ಬರೀಬೇಕೇನ್ರಿ? ಮನ್ಯಾಗಿನ ಕಲ್ಲು ತಂದು, ನಾನ ಕೂತು ಹೂವಾ ಕೆತ್ತೇನಿ."

ಯಾರ ತಪ್ಪು ಹೇಳಿ? ಇವಳ ಪುಸ್ತಕದಲ್ಲಿ, ಬರೆಯದಿದ್ದರೆ ಇಲ್ಲ. ಅವರ ಕಸುಬಿನಲ್ಲಿ, ಬರೆಯದಿದ್ದರೂ ಇದ್ದೇ ಇರುತ್ತದೆ. ಇವಳು ವಾರವಿಡೀ ತಿಕೋಟಾದಲ್ಲಿ, ನೋಡಲು ಬಂದಿರಲಿಲ್ಲ. ಹೊಸ್ತಿಲಿಲ್ಲದ ಬಾಗಿಲು ಮಕ್ಕಳಿಗೆ ಒಳ್ಳೆಯದಲ್ಲ ಎಂದು ಅವರು ಪ್ರೀತಿಯಿಂದಲೇ ಕೂಡಿಸಿದ್ದರು.

ಗಂಗವ್ವ ಗಡಿಬಿಡಿಯಿಂದ ಮಗಳನ್ನು ಎತ್ತಲು ಬಾಗಿದಳು. "ಅಡ್ಡಿ ಇಲ್ಲ ಬಿಡ್ರಿ ಅಕ್ಕಾರ. ಮೂರು ಮೆಟ್ಟಲಾ ಎತ್ತತಿದ್ದೆ. ಈಗ ಇಷ್ಟ ಅಲ್ಲೇನು?"

ಲಕ್ಷ್ಮಿ ಗಾಲಿ ಬಿಡಲಿಲ್ಲ. ಆಫ್ರೀನ್‌ಳನ್ನೇ ನೋಡಿ, "ಒಬ್ಬಾಕಿನ ಹೋಗ್ತಿ ಅಂದಿದ್ರಿ..." ಎಂದಳು.

ಅಷ್ಟೇ. ನನ್ನ ಮಗಳು ಗೋಡೆಯ ಮರೆಗೆ ಹೋಗಿ ಅತ್ತಳು. ನಾನು ಹಿಂದೆ ಹೋದೆ. (ಮನೆಯಲ್ಲಿ ನಮ್ಮದು ಉರ್ದು. ಕಣ್ಣೀರು ಯಾವ ಭಾಷೆಯದಾದರೇನು, ಕನ್ನಡದಲ್ಲೇ ಬರೆಯುತ್ತೇನೆ.) "ಅಮ್ಮಿ, ಪೂಜಿ ಮಾಡ್ಯಾರ. ತಗೀರಿ ಅಂತ ನಾ ಹೆಂಗ ಹೇಳ್ಲಿ?" ಎಂದಳು. ಆ 'ನಾ' ಎಷ್ಟು ಭಾರದ್ದೆಂದು ನನಗೆ ಗೊತ್ತಾಯಿತು. ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ನನಗೆ ಎಲ್ಲದಕ್ಕೂ 'ಸಾರಿ' ಹೇಳುವುದನ್ನು ಕಲಿಸಿದ್ದರು. ಇದಕ್ಕೆ ಸಾರಿ ಸಾಲುತ್ತದೆಯೇ? "ತಗೀರಿ ಅನಬ್ಯಾಡ. ಕಷ್ಟ ಏನೈತಿ, ಅದನ್ನ ಹೇಳು" ಎಂದೆ. ಅಷ್ಟೇ ನನ್ನ ಪಾಲಿನ ಇಂಜಿನಿಯರಿಂಗ್.

ದುಪಟ್ಟಾದಲ್ಲಿ ಮುಖ ಒರೆಸಿಕೊಂಡು ಬಂದಳು. "ಕಾಕಾ, ಕಲ್ಲು ತಗಿಯೂದು ಬ್ಯಾಡ. ನೆಲದ ಸಮಕ್ಕ ಇಳಸಾಕ ಬರ್ತೈತೇನ್ರಿ?"

ಬಸಪ್ಪ ಅಡ್ಡಡ್ಡ ತಲೆಯಾಡಿಸಿದರು. "ಹೊಸ್ತಿಲಾ ಅಂದ್ರ ಏರಿ ಇರಬೇಕವ್ವಾ. ದಾಟಿ ಬರಬೇಕು. ಅದೂ ಶುಕ್ರವಾರ ಅರಿಷಿಣ ಹಚ್ಚ್ಯಾರ. ಹಚ್ಚಿದಾಕಿ ಏನಂದಾಳು?"

ಹಚ್ಚಿದವರು ಯಾರು? ನನ್ನ ಕಣ್ಣು ಆಗಲೇ ಗಂಗವ್ವನ ಕೈಮೇಲಿತ್ತು. ಉಗುರಿನ ಸಂದಿಯಲ್ಲಿ ಇನ್ನೂ ಹಳದಿ. ಮಗಳು ತಾನೇ ಒಳಗೆ ಹೋಗುವ ಬಾಗಿಲೆಂದು ಆಕೆಯೇ ಮೊದಲ ಪೂಜೆ ಮಾಡಿದ್ದಳು.

ಆಕೆ ಕಲ್ಲು ನೋಡಿದಳು, ಮಗಳನ್ನು ನೋಡಿದಳು. "ನಾ ಅರಿಷಿಣಾ ಕಲ್ಲಿಗಿ ಹಚ್ಚೇನಿ ಕಾಕಾ, ಎತ್ತರಕ್ಕಲ್ಲ. ಇಳಸ್ರಿ."

ಬಸಪ್ಪನವರ ಕೈಗೆ ಉಳಿ, ಸುತ್ತಿಗೆ ಬಂದವು. "ಏನ್ ಹಟಮಾರಿ ಅದೀ ಬೇ ನೀನು! ನಮ್ಮನಿ ಮುದುಕೀನ ವಾಸಿ" ಎಂದು ಲಕ್ಷ್ಮಿಯನ್ನು ಬೈಯುತ್ತಲೇ ಕಲ್ಲಿಗೆ ಕೈಮುಗಿದು ಅದನ್ನು ಮೆಲ್ಲಗೆ ಎಬ್ಬಿಸಿದರು. ತಗ್ಗು ತೋಡಿ ನೆಲದ ಸಮಕ್ಕೆ ಕೂಡಿಸಿದರು. ಆಫ್ರೀನ್ ಮಟ್ಟಗೋಲು ಹಿಡಿದು ಮೊಣಕಾಲೂರಿ ಕೂತಿದ್ದಳು. ಸಿಮೆಂಟು ಬಿಗಿಯುವವರೆಗೆ ಎಲ್ಲರೂ ಬೇವಿನ ನೆರಳಿಗೆ ಕೂತು ಉಂಡೆವು. ಗಂಗವ್ವ ಎರಡು ತುತ್ತಿಗೊಮ್ಮೆ ಬಾಗಿಲ ಕಡೆ ನೋಡುತ್ತಿದ್ದಳು.

ಬಿಸಿಲು ಇಳಿದ ಮೇಲೆ ಬಸಪ್ಪನವರು ಕಲ್ಲು ಅಲುಗದಿರಲೆಂದು ಅದರ ಮೇಲೆ ಹಲಗೆ ಹಾಸಿದರು. ಲಕ್ಷ್ಮಿ ಮತ್ತೆ ಹತ್ತಿದಳು. ಈ ಸಲ ಟಕ್ ಇಲ್ಲ. ಸರ್ರನೆ ಒಳಗೆ ಹೋದಳು.

ಎಂದಿನಂತೆ ಗಂಗವ್ವ ಹಿಂದೆಯೇ ನುಗ್ಗಿದಳು. ಒಳಗಿನಿಂದ ಕೂಗು ಬಂತು: "ಯವ್ವಾ, ನೀ ಬರಬ್ಯಾಡ! ಹೊರಗ ನಿಂದ್ರು!"

ಗಂಗವ್ವ ನಿಂತಳು. ಮಗಳನ್ನು ಎತ್ತಿ ಎತ್ತಿ ರೂಢಿಯಾದ ಎರಡು ಕೈಗಳನ್ನು ಎಲ್ಲಿಡಬೇಕೆಂದು ಆಕೆಗೆ ತಿಳಿಯಲಿಲ್ಲ. ಸೆರಗಿನಲ್ಲಿಟ್ಟಳು, ಸೊಂಟದ ಮೇಲಿಟ್ಟಳು, ಕೊನೆಗೆ ನನ್ನ ಕೈ ಹಿಡಿದುಕೊಂಡಳು. ನಗುತ್ತಿದ್ದಳು, ಕಣ್ಣು ತುಂಬಿತ್ತು. ಪಕ್ಕದಲ್ಲಿ ನನ್ನ ಮಗಳು ಬಸಪ್ಪನವರೊಂದಿಗೆ ಮುಂದಿನ ಶಾಲೆಯ ಮಾತಿಗೆ ಇಳಿದಿದ್ದಳು. ನಾನು ಅಲ್ಲಿದ್ದೇನೆಂಬುದೇ ಅವಳಿಗೆ ಮರೆತುಹೋಗಿತ್ತು. ದೇವರಿಗೆ ಶುಕ್ರಿಯಾ ಎಂದುಕೊಂಡೆ.

ಮಕ್ಕಳು ನಮ್ಮನ್ನು ಹೊರಗೆ ನಿಲ್ಲಿಸುವ ದಿನ ಇಷ್ಟು ಖುಷಿಯದ್ದೆಂದು ನಿಮಗಾದರೂ ಮೊದಲೇ ಗೊತ್ತಿತ್ತಾ?