ಯಾವ ಕೊಪ್ಪದ ನಾಗಿ?

ಅಂಕೋಲೆಯ ಆ ಖಾಸಗಿ ಆಸ್ಪತ್ರೆಗೆ ಕಂಪ್ಯೂಟರ್ ಬಂದು ಮೂರು ತಿಂಗಳಾಗಿತ್ತಷ್ಟೆ. ಡಾಕ್ಟರ್ ಮಧುಕೇಶ್ವರ ಹೆಗಡೆ ಕೈಮುಗಿದುಬಿಟ್ಟರು. "ಸಾಕು ಮಾರಾಯ್ರೆ! ಸೋಮವಾರದಿಂದ ಮತ್ತೆ ಚೀಟಿ."

ಅವರ ಸಿಟ್ಟೇನು ಸುಳ್ಳಲ್ಲ. ಬೆಳಂಬಾರದ ಬಸುರಿ ನಾಗಿ ಗೌಡಳ ಮೈಯಲ್ಲಿ ರಕ್ತವೇ ಇಲ್ಲ. ಕಂಪ್ಯೂಟರಿನಲ್ಲಿ ಮಾತ್ರ ಹಿಮೋಗ್ಲೋಬಿನ್ ಹನ್ನೆರಡೂವರೆ! ಅದು ಇನ್ನೊಬ್ಬ ನಾಗಿಯ ರಿಪೋರ್ಟು. ಬಸುರಿಯ ಕಣ್ರೆಪ್ಪೆ ಎಳೆದು ನೋಡಿ ತಪ್ಪು ಹಿಡಿದವಳು ನರ್ಸ್ ಬೊಮ್ಮಿ. "ಬಂದ ಹೆಸ್ರಿಗೆ ಹಾಕಿದ್ದೆ, ನಂದೆಂತ ತಪ್ಪು?" ಎಂದ ಲ್ಯಾಬಿನ ನಿತೇಶ. ಹೆಸರು ಬರೆಸಿಕೊಳ್ಳುವುದಷ್ಟೇ ತನ್ನ ಕೆಲಸ ಎಂದಳು ಕೌಂಟರಿನ ನಮಿತಾ.

ಬೊಮ್ಮಿಗೆ ಮೈಯೆಲ್ಲ ಉರಿಯಿತು. ನಾಗಿಯಂತೆ ಅವಳೂ ಬೆಳಂಬಾರದ ಹಾಲಕ್ಕಿ ಒಕ್ಕಲಿಗರವಳೇ. ಹಿಂದೆ ಅವಳ ಅತ್ತಿಗೆಯನ್ನು ಹೆರಿಗೆಗೆ ಕಾರವಾರದ ದೊಡ್ಡಾಸ್ಪತ್ರೆಗೆ ಒಯ್ಯುವಾಗ ರಕ್ತದ ಗುಂಪಿನ ಚೀಟಿ ದಾರಿಯಲ್ಲೇ ಕಳೆದು, ರಕ್ತ ಹೊಂದಿಸುವಷ್ಟರಲ್ಲಿ ಜೀವ ಹೋಗಿತ್ತು. ಕಂಪ್ಯೂಟರ್ ಇದ್ದರೆ ಬಸುರಿಗಿಂತ ಮೊದಲೇ ರಿಪೋರ್ಟು ಕಾರವಾರ ಮುಟ್ಟುತ್ತದೆ. ನಾಗಿಯ ಹೆರಿಗೆಗೆ ಇನ್ನು ವಾರವೂ ಇರಲಿಲ್ಲ.

ಚಹಾದ ಹೊತ್ತಿಗೆ ಮೂವರನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದಳು. ಹೌದು, ಡಾಕ್ಟರನ್ನೂ!

"ನಮ್ಮಲ್ಲಿ ಅಜ್ಜಿ ಹೆಸ್ರು ಮೊಮ್ಮಗಳಿಗೆ. ಬರೀ ನಾಗಿ ಅಂದ್ರೆ ಯಾರು ಬೇಕಾದ್ರೂ ಓಗೊಡ್ತಾರೆ. ಯಾವ ಕೊಪ್ಪ, ಗಂಡ ಯಾರು, ಇದ್ನ ಕೇಳ್ಬೇಕು," ಎಂದಳು. ಕೊಪ್ಪವೆಂದರೆ ಹಾಲಕ್ಕಿಗಳ ಕೇರಿ.

"ಅಯ್ಯೋ, ಇದ್ನ ಯಾರೂ ಹೇಳ್ಲೇ ಇಲ್ಲ ಬೊಮ್ಮಕ್ಕಾ," ಎಂದಳು ನಮಿತಾ.

"ನೀವ್ ಯಾರೂ ಕೇಳ್ಲೂ ಇಲ್ಲ!"

ನಮಿತಾ ಅಲ್ಲೇ ಎರಡು ಹೊಸ ಕಾಲಂ ಸೇರಿಸಿದಳು. "ಸೂಜಿ ಚುಚ್ಚೂ ಮೊದ್ಲು ನಾನೂ ಅದನ್ನೇ ಕೇಳ್ತೆ," ಎಂದ ನಿತೇಶ. ನರ್ಸೊಬ್ಬಳು ತನಗೆ ಪಾಠ ಹೇಳುವುದೇ ಎಂಬಂತೆ ಹುಬ್ಬೇರಿಸಿದ್ದ ಡಾಕ್ಟರು, ಕೊನೆಗೆ, "ಆಯ್ತು, ಚೀಟಿ ಬೇಡ. ಕೊಪ್ಪ, ಗಂಡ ಎರಡೂ ಹೊಂದದೆ ನಾನು ಸಹಿ ಹಾಕೋದಿಲ್ಲ," ಎಂದರು. ನಾಗಿಯ ರಕ್ತ ಮತ್ತೆ ತೆಗೆದರು. ಬಂದದ್ದು ಆರೇ ಆರು. ಆ ರಿಪೋರ್ಟು ಕಂಪ್ಯೂಟರಿನಲ್ಲಿ ಆಗಲೇ ಕಾರವಾರಕ್ಕೂ ಹೋಯಿತು.

ಶನಿವಾರ ಬೆಳಿಗ್ಗೆ ನಾಗಿಗೆ ನೋವಿನ ಜೊತೆಗೇ ರಕ್ತ ಹೋಗತೊಡಗಿತು. ಆಂಬುಲೆನ್ಸಿನಲ್ಲಿ ಬೊಮ್ಮಿ ಅವಳ ಕೈ ಬಿಡಲಿಲ್ಲ. ದಾರಿಯಲ್ಲಿ ಬಿಣಗಾ ದಾಟುವಾಗ ಕಾರವಾರದ ಆಸ್ಪತ್ರೆಯಿಂದ ಫೋನು: "ರಿಪೋರ್ಟು ನೋಡಿದ್ವು. ಅವಳ ಗುಂಪಿನ ರಕ್ತ ತೆಗೆದಿಟ್ಟಿದ್ವು, ಬನ್ನಿ."

ಮಧ್ಯಾಹ್ನ ಬೊಮ್ಮಿ ಅಂಕೋಲೆಗೆ ಫೋನು ಮಾಡಿದಳು. "ತಾಯಿ ಮಗಳು ಇಬ್ರೂ ಅರಾಮ್."

ಆಚೆ ಕಡೆ ನಿತೇಶ ಹೋ ಎಂದು ಕೂಗಿದ. ಡಾಕ್ಟರ ನಗು ಕೇಳಿಸಿತು. ಎಲ್ಲರ ದನಿಯನ್ನೂ ಮೀರಿಸಿ ಕೌಂಟರಿನ ನಮಿತಾ ಅಳುತ್ತಲೇ ಕೂಗಿದಳು: "ನಾವು ಉಳಿಸ್ದ್ವು ಬೊಮ್ಮಕ್ಕಾ, ನಾವು!"