ವಿಮಾನದವರ ಹೆಸರಲ್ಲಿ ಒಂದು ಕಾಯಿ

ಮೂರು ವರ್ಷದ ಹಿಂದಿನ ಬೇಸಿಗೆ. ಸಿದ್ದಾಪುರ ಪೇಟೆಯ ನಮ್ಮ ಮನೆಯಲ್ಲಿ ಅಂದು ಹಲಸಿನ ಹಪ್ಪಳದ ಕೆಲಸ. ನನ್ನ ಹುದ್ದೆ ಎಂದರೆ ಈ ಮನೆಯೇ. ನಮ್ಮನೆಯವರು ಸರಕು ಹಡಗಿನಲ್ಲಿ ಎಂಜಿನಿಯರು. ವರ್ಷದಲ್ಲಿ ಅರ್ಧ ಸಮುದ್ರದ ಮೇಲೆ. ಅತ್ತೆ ಹಿಟ್ಟಿನ ಉಂಡೆ ಕಟ್ಟುತ್ತಿದ್ದರು, ನಾನೂ ಪಕ್ಕದ ಮನೆಯ ಸರೋಜಕ್ಕನೂ ಒತ್ತುತ್ತಿದ್ದೆವು. ಫೋನ್ ಬಂತು. ಎಣ್ಣೆಗೈ ಸೆರಗಿಗೆ ಒರೆಸಿಕೊಂಡು ಎತ್ತಿದೆ.

ಹಡಗಿನ ಕಂಪನಿಯ ಹೆಣ್ಣುಮಗಳು. ಅರಬ್ಬೀ ಸಮುದ್ರದಲ್ಲಿ ಕಡಲ್ಗಳ್ಳರು ಹಡಗು ಹತ್ತಿದ್ದಾರೆ, ಸಿಬ್ಬಂದಿಯೆಲ್ಲ ಸಿಟಡೆಲ್ ಸೇರಿದ್ದಾರೆ ಎಂದಳು. ಸಿಟಡೆಲ್ ಎಂದರೆ ಹಡಗಿನ ಹೊಟ್ಟೆಯೊಳಗಿನ, ದಪ್ಪ ಕಬ್ಬಿಣದ ಬಾಗಿಲಿನ ಕೋಣೆ. ಒಳಗಿಂದ ಭದ್ರ ಮಾಡಿಕೊಂಡರೆ ತೆರೆಯುವುದು ಕಷ್ಟ; ಆಗದ ಮಾತೇನಲ್ಲ. ಇವರು ಅಡಗಿದ ಜಾಗ ಕಳ್ಳರಿಗೆ ಇನ್ನೂ ಗೊತ್ತಾಗಿರಲಿಲ್ಲ.

"ದಡದಲ್ಲಿ ಕಳ್ಳರ ಜನ ಫೋನು, ಸುದ್ದಿ ಎಲ್ಲ ನೋಡ್ತಿರ್ತಾರೆ. ಹೊರಗೆ ಎಲ್ಲೂ ಬಾಯಿ ಬಿಡಬೇಡಿ ಮೇಡಂ," ಎಂದಳು.

"ಯಾರ ಫೋನೇ?" ಅತ್ತೆ ಕೇಳಿದರು.

"ಕಂಪನಿದು. ಎಂತೋ ಕಾಗದ ಬೇಕಡ," ಎಂದು ಮತ್ತೆ ಒತ್ತಲು ಕೂತೆ. ಸರೋಜಕ್ಕ ನನ್ನ ಹಪ್ಪಳ ಎತ್ತಿ ನೋಡಿದಳು. "ಎಂತ ದಪ್ಪನೇ ಇದು! ನಿನ್ನ ಗಂಡ ಬಪ್ಪದ್ರೊಳಗೂ ಒಣಗ್ತಿಲ್ಲೆ!" ಎಂದು ನಕ್ಕಳು. ನಾನೂ ನಕ್ಕೆ.

ಮಧ್ಯಾಹ್ನ ಎರಡನೇ ಕರೆ. ನಮ್ಮ ಯುದ್ಧನೌಕೆ ಹೊರಟಿದೆ, ಮುಟ್ಟುವುದು ಮರುದಿನ. ಅಲ್ಲಿಯವರೆಗೆ ಯುರೋಪಿನ ಒಂದು ದೇಶದ ಕಾವಲು ವಿಮಾನ ಹಡಗಿನ ಮೇಲೆ ಸುತ್ತುತ್ತಿರುತ್ತದೆ. ಅದಕ್ಕೆ ಕಂಡದ್ದೆಲ್ಲ ನೇರ ನಮ್ಮ ನೌಕಾಪಡೆಗೆ ತಿಳಿಯುತ್ತದೆ. ದೂರ ದೂರದ ದೇಶಗಳ ನಡುವೆ ಹೀಗೊಂದು ಏರ್ಪಾಡು ಇದೆಯೆಂದು ನನಗೆ ಗೊತ್ತಾದದ್ದೇ ಅಂದು. ಟಿವಿಯಲ್ಲಿ ಮಂತ್ರಿಗಳು ಕೈಕುಲುಕುವುದು ಕಂಡರೆ ಚಾನೆಲ್ ಬದಲಿಸುವವಳು ನಾನು.

ಮೈದುನ ಶ್ರೀಪಾದ ಊಟಕ್ಕೆ ಬಂದ. ಅಡುಗೆಮನೆಯಲ್ಲಿ ಅವನೊಬ್ಬನಿಗೆ ಹೇಳಿದೆ. ನಮ್ಮಲ್ಲಿ ಕಷ್ಟ ಬಂದರೆ ಬಳಗಕ್ಕೆಲ್ಲ ತಿಳಿಸಿ, ಮನೆಮನೆಯಲ್ಲೂ ದೇವರಿಗೆ ದೀಪ ಹಚ್ಚಿಸುವುದು ರೂಢಿ. ಅವನು ಆಗಲೇ ಫೋನಿನಲ್ಲಿ ಬರೆಯುತ್ತಿದ್ದ: ಅಣ್ಣನವರೆಲ್ಲ ಹಡಗಿನ ಒಳಗೆ ಅಡಗಿದ್ದಾರೆ, ಪ್ರಾರ್ಥಿಸಿ.

ಫೋನ್ ಕಸಿದುಕೊಂಡೆ. "ಹಾಕಡ ಮಾರಾಯ! ಆ ಗ್ರೂಪಿಂದ ಎಷ್ಟು ಗ್ರೂಪಿಗೆ ಹೋಗ್ತು ಹೇಳು?"

"ದೇವರಿಗೂ ಹೇಳೂದು ಬ್ಯಾಡ್ದಾ ಅತ್ತಿಗೆ?"

"ದೇವರಿಗೆ ಆನು ಹೇಳ್ತೆ. ನೀ ಊಟ ಮಾಡು."

ಸಂಜೆ ದೀಪ ಹಚ್ಚಿ, ಹರಕೆಗೆಂದು ದೇವರ ಮುಂದೆ ಎರಡು ತೆಂಗಿನಕಾಯಿ ತೆಗೆದಿಟ್ಟೆ. ಒಂದು ಅವರಿಗೆ, ಒಂದು ಆ ವಿಮಾನದವರಿಗೆ. ಅತ್ತೆ ಎರಡನ್ನೂ ನೋಡಿ, ಎರಡಕ್ಕೂ ಕುಂಕುಮ ಹಚ್ಚಿದರು.

ಮರುದಿನ ತಾರಸಿಯ ಮೇಲೆ ಹಪ್ಪಳದ ಚಾಪೆ ಹಾಸುತ್ತಿದ್ದಾಗ ಫೋನ್ ಬಂತು. ನಮ್ಮನೆಯವರದೇ ದನಿ.

"ಎಂತ ಮಾಡ್ತಾ ಇದ್ದೆ?"

"ಹಪ್ಪಳ ಒಣಗಿಸ್ತಾ ಇದ್ದೆ," ಎಂದೆ. ಫೋನ್ ಕಿವಿಗೆ ಒತ್ತಿಕೊಂಡು ಚಾಪೆಯ ಅಂಚಿಗೆ ಕೂತೆ.

ಕಳ್ಳರಿಗೆ ಜಾಗ ಸಿಕ್ಕಿ, ಬಾಗಿಲು ಕೊಯ್ಯಲು ಶುರು ಮಾಡಿದ್ದರಂತೆ. ನಮ್ಮ ನೌಕೆ ಕಾಣಿಸಿದ್ದೇ ದೋಣಿ ಹತ್ತಿ ಓಡಿದರು. ಹಡಗಿನ ಮೇಲ್ಗಡೆ ಹೊಂಚು ಹಾಕಿ ಯಾರೂ ಉಳಿದಿಲ್ಲವೆಂದು ಮೇಲಿಂದ ವಿಮಾನದವರು ತಿಳಿಸಿದ ಮೇಲೆ ನಮ್ಮ ಕಮಾಂಡೊಗಳು ಹತ್ತಿದರು. ಬಾಗಿಲು ಇನ್ನೊಂದು ಗಳಿಗೆ ತಡೆಯುತ್ತಿತ್ತೋ ಇಲ್ಲವೋ.

ಅತ್ತೆಗೆ ಎಲ್ಲ ಹೇಳಿದೆ. ಕಣ್ಣೊರೆಸಿಕೊಂಡರು. "ಎಂತದೋ ಇದ್ದು ಹೇಳಿ ನಿನ್ನ ಹಪ್ಪಳ ನೋಡೇ ಗೊತ್ತಾಗಿತ್ತು. ಕೇಳಿದ್ರೆ ನೀ ಹೇಳಲೇಬೇಕಾಗ್ತಿತ್ತು. ಅದಕ್ಕೇ ಕೇಳಿದ್ನಿಲ್ಲೆ."

ಕೂಡಲೇ ಎರಡೂ ಕಾಯಿ ಹಿಡಿದು ದೇವಸ್ಥಾನಕ್ಕೆ ಹೋದೆವು. ಎರಡನೆಯದಕ್ಕೆ ಭಟ್ಟರು ಹೆಸರು, ಗೋತ್ರ ಕೇಳಿದರು.

"ಹೆಸರು ಗೊತ್ತಿಲ್ಲೆ. ವಿಮಾನದವರು. ದೂರದ ದೇಶದವರು."

ಭಟ್ಟರು ತುಸು ಯೋಚಿಸಿದರು. "ಗೋತ್ರ ಗೊತ್ತಿಲ್ದವಕ್ಕೆಲ್ಲ ಕಾಶ್ಯಪ ಗೋತ್ರ ಹೇಳೂದು ಪದ್ಧತಿ. ಇವರೂ ಕಾಶ್ಯಪರೇ ಆಗ್ಲಿ," ಎಂದು ಸಂಕಲ್ಪ ಮಾಡಿ ಕಾಯಿ ಒಡೆದರು.

ಬಾಗಿಲು ತಡೆಯಿತು, ಶ್ರೀಪಾದನ ಬೆರಳು ತಡವಾಯಿತು, ಅತ್ತೆ ಕೇಳದೆ ಉಳಿದರು. ಒಂದೊಂದೂ ದೇವರ ದಯೆಯೇ. ಈ ಮನೆಕೆಲಸ ನನಗೆ ಕಲಿಸಿದ್ದೂ ಇಷ್ಟೇ: ಕೈಗೆ ಕೆಲಸವಿದ್ದರೆ ಬಾಯಿ ಕಾಯುವುದು ಸ್ವಲ್ಪ ಸುಲಭ.

ಮನೆಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಹಪ್ಪಳದ ಅಡಿಭಾಗ ಇನ್ನೂ ಹಸಿ. ದಪ್ಪವಾದವನ್ನು ಬಿಸಿಲು ಚೆನ್ನಾಗಿ ಬೀಳುವ ಕಡೆ ಸರಿಸಿ, ಉಳಿದವನ್ನು ಒಂದೊಂದಾಗಿ ಮಗುಚತೊಡಗಿದೆ.