ಸದ್ದಿಲ್ಲದೆ ಬಂದುಹೋದ ರೈಲು

ಆ ಬೆಳಿಗ್ಗೆ ನನಗೆ ತಗುಲಿದ್ದು ಆಟೊ ಬಾಡಿಗೆ ಎಂಟುನೂರು ರೂಪಾಯಿ. ಹರಪನಹಳ್ಳಿಯ ಎರಡು ರೈಲು ಟಿಕೆಟ್ ಕಿಸೆಯಲ್ಲೇ ಇದ್ದವು. ಕಣ್ಣಿಗಿಂತ ಕಿವಿಯನ್ನು ನಂಬಿದ್ದಕ್ಕೆ ತೆತ್ತ ದಂಡ ಅದು.

ಹಳೆಯ ಡೀಸೆಲ್ ಪಂಪ್‌ಸೆಟ್ ಕೊಂಡು, ರಿಪೇರಿ ಮಾಡಿ ಮಾರುತ್ತ ಬದುಕು ಕಟ್ಟಿಕೊಂಡವನು ನಾನು. ಹಗರಿಬೊಮ್ಮನಹಳ್ಳಿಯಿಂದ ಕೂಡ್ಲಿಗಿವರೆಗೆ, ಬದುವಿನ ಮೇಲೆ ನಿಂತು ಎಂಜಿನ್ ಸದ್ದು ಕೇಳಿಯೇ ಬೆಲೆ ಕಟ್ಟಿದ್ದೇನೆ. ರೈಲಿಗೂ ಅದೇ ಅಭ್ಯಾಸ. ನಮ್ಮೂರು ಕೊಟ್ಟೂರಿನಲ್ಲಿ ನಮ್ಮಂಥವರು ಪ್ಲಾಟ್‌ಫಾರ್ಮಿನಲ್ಲಿ ಕಾಯುವುದಿಲ್ಲ. ಹೊರಗೆ ಚಹಾದಂಗಡಿಯಲ್ಲಿ ಕೂರುತ್ತೇವೆ. ಎಂಜಿನ್ ಗುಡುಗಿದ ಮೇಲೆ ಎದ್ದರೂ ರೈಲು ಸಿಗುತ್ತದೆ.

ಆ ವಾರ ಹಳೆಯ ರೈಲಿನ ಬದಲು ಪ್ರಾಯೋಗಿಕವಾಗಿ ಹೈಬ್ರಿಡ್ ರೈಲು ಓಡಿಸುತ್ತಿದ್ದರು. ಡೀಸೆಲ್ ಎಂಜಿನ್ನಿನ ಜೊತೆಗೆ ಬ್ಯಾಟರಿಯೂ ಇರುವಂಥದ್ದು. ಸುದ್ದಿ ಗೊತ್ತಿತ್ತು, ಅದರ ನಡತೆ ಗೊತ್ತಿರಲಿಲ್ಲ.

ಅಂದು ಹರಪನಹಳ್ಳಿಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಮಗಳ ಕೆಲಸದ ಮೊದಲ ದಿನ. ಅಲ್ಲೇ ರೂಮು ಮಾಡಿಕೊಂಡು ಇರುವವರೇ ಬೇಕೆಂದಿದ್ದರು ಲ್ಯಾಬಿನ ಮೇಡಂ. "ದಿನಾ ರೈಲಿಗೆ ಬರ್ತಾಳ್ರಿ, ತಡ ಆದ್ರ ಬ್ಯಾರೇರನ್ನ ತಗೊಳ್ರಿ" ಎಂದು ಚೌಕಾಸಿ ಮಾಡಿ ಒಪ್ಪಿಸಿದವನು ನಾನೇ.

ಚಹಾ ಅರ್ಧ ಉಳಿದಿತ್ತು. ದೂರದ ರೈಲ್ವೆ ಗೇಟಿನ ಬಳಿ ಹಾರ್ನ್ ಕೇಳಿಸಿತು. ಮಗಳು ಎದ್ದಳು.

"ಅಪ್ಪಾ, ಬಂದಂಗೈತಿ."

"ಕುಂದ್ರು. ಎಂಜಿನ್ ಸದ್ದು ಎಲ್ಲೈತಿ?"

"ಮಂದಿ ಒಳಗ ಓಡಾಕತ್ಯಾರಪ್ಪಾ."

"ಹೊಸಬ್ರು ಇರಬೇಕು. ಅವ್ರಿಗೇನ್ ಗೊತ್ತು."

ನಾವು ಓಡಿದಾಗ ಕೊನೆಯ ಡಬ್ಬಿ ಪ್ಲಾಟ್‌ಫಾರ್ಮು ದಾಟುತ್ತಿತ್ತು. ಊರು ಬಿಟ್ಟ ಮೇಲೆ ಅದರ ಎಂಜಿನ್ ಗುಡುಗಿತು.

ಆಟೊದವನ ಮುಂದೆ ನನ್ನ ಚೌಕಾಸಿ ನಡೆಯಲಿಲ್ಲ. ರೈಲು ತಪ್ಪಿದವರ ಮುಖ ಅವನಿಗೆ ಗೊತ್ತು. ದಾರಿಯಲ್ಲಿ "ರೈಲೇ ತಡ ಆತು ಅನ್ನೋಣ" ಎಂದೆ.

ಮೇಡಂ ಗಡಿಯಾರ ನೋಡಿದರು. "ರೈಲು ಲೇಟಾತೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಮಗಳೆಂದಳು: "ಇಲ್ರೀ ಮೇಡಂ, ಟೈಮಿಗೇ ಬಂದಿತ್ತು. ನಾವು ಚಹಾ ಕುಡಕೋಂತ ಕುಂತಿದ್ವಿ."

ಮೇಡಂ ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ನಾಳಿಂದ ಅಪ್ಪನ್ನ ಬಿಟ್ಟು ಬಾರಮ್ಮ" ಎಂದು ಕೋಟು ಕೊಟ್ಟು ಒಳಗೆ ಕಳಿಸಿದರು.

ಆಮೇಲೆ ಹೊಳೆಯಿತು: ನನ್ನ ಸುಳ್ಳು ನಡೆದಿದ್ದರೆ ರೈಲು ನೆಚ್ಚುವಂಥದ್ದಲ್ಲ ಎಂದಾಗುತ್ತಿತ್ತು, ಅವಳು ರೂಮು ಹುಡುಕಲೇಬೇಕಿತ್ತು.

ಸಂಜೆ ಅದೇ ರೈಲಿನಲ್ಲಿ ಮರಳುವಾಗ ಗಾರ್ಡ್ ಅವರನ್ನು ವಿಚಾರಿಸಿದೆ. ಸ್ಟೇಷನ್ ಸಮೀಪಿಸಿದಂತೆ ಎಂಜಿನ್ ನಿಲ್ಲಿಸಿ ಬ್ಯಾಟರಿಯ ಮೇಲೆ ಬಂದು, ಊರು ದಾಟುವವರೆಗೂ ಅದರ ಮೇಲೆಯೇ ಹೋಗುತ್ತದಂತೆ. ಬ್ರೇಕ್ ಹಿಡಿದಾಗ ಹಾಳಾಗುವ ಶಕ್ತಿಯಿಂದಲೇ ಬ್ಯಾಟರಿ ಒಂದಿಷ್ಟು ತುಂಬುತ್ತದಂತೆ. ರೈಲು ನಿಂತಾಗ ಎದುರು ಸೀಟಿನ ತಾಯಿ ಕೂಸಿಗೆ ಮೆಲ್ಲಗೆ ಹೇಳುತ್ತಿದ್ದ ಜೋಗುಳವೂ ಕೇಳಿಸಿತು, ಅಷ್ಟು ಸದ್ದಿಲ್ಲ. ಸದ್ದು ಮಾಡುವುದೇ ಗಟ್ಟಿ ಎಂದು ಎಷ್ಟು ವರ್ಷ ವ್ಯಾಪಾರ ಮಾಡಿದೆ ಎಂದು ಯೋಚಿಸುತ್ತ ಕೂತೆ.

ನೀವು ಹೊಸ ರೈಲಿಗೆ ಹೋಗುವವರಾದರೆ ಹತ್ತು ನಿಮಿಷ ಮೊದಲೇ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲಿರಿ. ಮಕ್ಕಳು ದಿನಾ ಹೋಗಿಬರುವ ಕೆಲಸ ಹಿಡಿಯುವುದಾದರೆ, ಸಂಬಳದ ಮಾತಿಗೆ ಮೊದಲು ಸಂಜೆಯ ರೈಲು ಎಷ್ಟು ಗಂಟೆಗೆ ಎಂದು ಕೇಳಿಕೊಳ್ಳಿ. ಟೈಮಿಗೆ ಬರುತ್ತೇನೆಂದು ಮಾತು ಕೊಡುವುದನ್ನು ಮಾತ್ರ ದಿನಾ ರೈಲು ಹತ್ತಿಳಿಯುವವರಿಗೇ ಬಿಡಿ.